ಪಾರ್ಕಿನ ಖರ್ಚು ಯಾರ ಜೇಬಿನಿಂದ?

ಪ್ರಶ್ನೆ: ಲಾಲ್‌ಬಾಗ್‌ಗೆ ಟಿಕೆಟ್ ಇದೆ, ನಮ್ಮ ಬಡಾವಣೆಯ ಪಾರ್ಕಿಗಿಲ್ಲ. ಏಕೆ?

ಉತ್ತರ: ಎರಡರ ಯಜಮಾನರೂ ಬೇರೆ. ಬಡಾವಣೆಯ ಪಾರ್ಕು ನಗರಾಡಳಿತದ್ದು. ನೀವು ಕಟ್ಟುವ ಆಸ್ತಿ ತೆರಿಗೆ ಸೇರುವ ಬೊಕ್ಕಸದಿಂದಲೇ ಅಲ್ಲಿನ ಮಾಲಿಯ ಸಂಬಳ, ಗಿಡದ ನೀರು ಎಲ್ಲ ನಡೆಯಬೇಕು. ಅಂದರೆ ಅದು ಪುಕ್ಕಟೆಯಲ್ಲ, ಮೊದಲೇ ಕೊಟ್ಟ ದುಡ್ಡು!

ಲಾಲ್‌ಬಾಗ್ ರಾಜ್ಯ ತೋಟಗಾರಿಕೆ ಇಲಾಖೆಯದು. ಸುಮಾರು 240 ಎಕರೆಯ ಸಸ್ಯಕಾಶಿ. ಸರ್ಕಾರದ ಅನುದಾನದ ಜೊತೆಗೆ ಪ್ರವೇಶ ಶುಲ್ಕವೂ ಅಲ್ಲಿ ಆದಾಯ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನಗಳಲ್ಲಂತೂ ಟಿಕೆಟ್ಟಿಗೆ ಸಾಲುಗಟ್ಟುತ್ತಾರೆ. ಅದೇ ಇಲಾಖೆಯ ಕಬ್ಬನ್ ಪಾರ್ಕಿಗೆ ಮಾತ್ರ ಟಿಕೆಟ್ಟಿಲ್ಲ. ಎರಡಕ್ಕೂ ಕಾವಲಿರುವುದು 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ. ಹಣ ಗಿಡ ಬೆಳೆಸುತ್ತದೆ, ಕಾನೂನು ನೆಲ ಉಳಿಸುತ್ತದೆ.