ಅರ್ಜಿ ಚೀಟಿ ನಂಬಿ ಊರಿಗೆ ಬಂದರೆ ವಾಪಸು ಹೋಗೋದು ಹೇಗೆ?

ಹಗ್ಗ ಬಿಗಿದ ದೊಡ್ಡ ಪೆಟ್ಟಿಗೆ, ಅದರ ಮೇಲೆ ದಪ್ಪಕ್ಷರದಲ್ಲಿ ಬರೆದ ಹೆಸರು, ಪಕ್ಕದಲ್ಲಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ತಾಯಿ. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಗಲ್ಫ್‌ಗೆ ಹೊರಟವರನ್ನು ಗುರುತಿಸಲು ಇಷ್ಟು ಸಾಕು. ಆಚೆಯ ರಾಯಚೋಟಿ, ರಾಜಂಪೇಟೆ ಕಡೆಯವರು ಕುವೈತಿಗೆ ಹೋಗುವುದು ಹಳೇ ಮಾತು. ಈಚೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರದಲ್ಲೂ ಸೌದಿ, ದುಬೈ ದುಡ್ಡಿನಲ್ಲಿ ಒಲೆ ಉರಿಯುವ ಮನೆಗಳಿವೆ.

ಹೋಗುವವರ ಸಂಕಟ ಎಲ್ಲರ ಕಣ್ಣಿಗೂ ಬೀಳುತ್ತದೆ. ರಜಕ್ಕೆ ಬಂದು ಸಿಕ್ಕಿಕೊಂಡವರ ಸಂಕಟ ಯಾರಿಗೂ ಕಾಣುವುದಿಲ್ಲ. ಎರಡು ತಿಂಗಳಿಗೆಂದು ಬಂದ ಹುಡುಗ ಆರು ತಿಂಗಳಾದರೂ ಟೀ ಅಂಗಡಿ ಬೆಂಚಿನ ಮೇಲೆ ಕೂತಿದ್ದರೆ ನೋಡಿದವರು ಕೇಳದೆ ಬಿಡುತ್ತಾರೆಯೇ?

‘ಯಾಕಪ್ಪಾ, ಇನ್ನೂ ಹೊರಡಲಿಲ್ವಾ?’

‘ಪೇಪರ್ ಆಗಿಲ್ಲಣ್ಣ.’

ಈ ‘ಪೇಪರ್’ ಅನ್ನುವುದೇನು?

ವೀಸಾ ಬೇರೆ, ಇಕಾಮಾ ಬೇರೆ

ವೀಸಾ ಎಂದರೆ ಒಳಗೆ ಹೋಗಲು ಕೊಡುವ ಅಪ್ಪಣೆ. ಹೋದ ಮೇಲೆ ಅಲ್ಲೇ ಇದ್ದು ದುಡಿಯಲು ಬೇರೆ ಪರವಾನಗಿ ಬೇಕು. ಸೌದಿಯಲ್ಲಿ ಅದನ್ನು ಇಕಾಮಾ ಅನ್ನುತ್ತಾರೆ. ಅವಧಿ ಮುಗಿದಾಗಲೆಲ್ಲ ಅದನ್ನು ನವೀಕರಿಸಬೇಕು. ಆ ದೇಶದ ಕಾನೂನಿನ ಪ್ರಕಾರ ಇಕಾಮಾ ಮಾಡಿಸಬೇಕಾದವನು ಮಾಲೀಕ; ಫೀಸು ಕಟ್ಟಬೇಕಾದವನೂ ಅವನೇ.

ತೊಂದರೆ ಶುರುವಾಗುವುದು ಇಲ್ಲೇ. ಗೌರಿಬಿದನೂರು ಕಡೆಯ ಡ್ರೈವರೊಬ್ಬ ರಿಯಾದಿನಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಇಕಾಮಾ ಮುಗಿಯಲು ಇನ್ನು ಕೆಲವೇ ವಾರ. ಅಷ್ಟರಲ್ಲಿ ಊರಿಂದ ಫೋನು: ‘ನಿಮ್ಮಪ್ಪನಿಗೆ ಹುಷಾರಿಲ್ಲ, ಒಂದ್ಸಲ ಬಂದು ಮುಖ ನೋಡ್ಕೊಂಡು ಹೋಗಪ್ಪ.’ ಕಂಪನಿಯ ಗುಮಾಸ್ತ ಧೈರ್ಯ ಹೇಳುತ್ತಾನೆ: ‘ನೀನು ಹೋಗಿ ಬಾ, ರಿನ್ಯೂವಲ್‌ಗೆ ಹಾಕಿದ್ದೀವಿ.’ ಈತ ವಿಮಾನ ಹತ್ತುತ್ತಾನೆ. ಅಲ್ಲಿ ಮಾಲೀಕ ಫೀಸು ಕಟ್ಟುವುದಿಲ್ಲ. ಇಲ್ಲಿ ತಾರೀಕು ದಾಟಿ ಹೋಗುತ್ತದೆ. ಏಜೆಂಟನಿಗೆ ಕೊಡಲು ಮಾಡಿದ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಮನಸ್ಸು ಮಾಡಿದರೆ ಮಾಲೀಕ ಅಲ್ಲಿಂದಲೇ ಇಕಾಮಾ ನವೀಕರಿಸಬಹುದು, ವಾಪಸು ಬರುವ ಗಡುವನ್ನೂ ಮುಂದಕ್ಕೆ ಹಾಕಿಸಬಹುದು. ಸೌದಿಯಲ್ಲಿ ಇದು ಈಗ ಆನ್‌ಲೈನ್‌ನಲ್ಲೇ ಆಗುವ ಕೆಲಸ. ಆದರೆ ಅವನು ಮನಸ್ಸು ಮಾಡಬೇಕಲ್ಲ!

ಬಸ್ ಪಾಸಿನ ಲೆಕ್ಕ

ದಿನಾ ಬೆಂಗಳೂರಿಗೆ ಹೋಗಿ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಸಿನ ಅವಧಿ ಮುಗಿದಿದೆ. ‘ಹೊಸದಕ್ಕೆ ಅರ್ಜಿ ಹಾಕಿದ್ದೀನಿ ಸಾರ್’ ಎಂದರೆ ಕಂಡಕ್ಟರು ಸುಮ್ಮನಾಗುತ್ತಾರೆಯೇ? ಟಿಕೆಟ್ ತಗೋ ಎನ್ನುತ್ತಾರೆ, ಇಲ್ಲವೇ ಇಳಿಸುತ್ತಾರೆ. ಇಲ್ಲಿ ನಷ್ಟ ಒಂದು ಟಿಕೆಟಿನ ದುಡ್ಡು. ಅಲ್ಲಿ ನಷ್ಟ ಇಡೀ ಉದ್ಯೋಗ.

ಅರ್ಜಿ ಹಾಕಿದ ಚೀಟಿ ಅನೇಕ ದೇಶಗಳಲ್ಲಿ ‘ತೀರ್ಮಾನ ಆಗುವವರೆಗೆ ಇಲ್ಲೇ ಇರು’ ಎಂದಷ್ಟೇ ಹೇಳುತ್ತದೆ. ‘ಹೊರಗೆ ಹೋಗಿ ಮತ್ತೆ ಬಾ’ ಎಂದು ಹೇಳುವುದಿಲ್ಲ. ಇರುವ ಹಕ್ಕು ಒಂದು, ಮರಳುವ ಹಕ್ಕು ಇನ್ನೊಂದು. ಇವೆರಡನ್ನೂ ಒಂದೇ ಎಂದುಕೊಂಡವರೇ ಸಿಕ್ಕಿಕೊಳ್ಳುವುದು.

ಒಂದೊಂದು ದೇಶಕ್ಕೆ ಒಂದೊಂದು ಕಟ್ಟಳೆ

ಸೌದಿಯಲ್ಲಿ ರಜಕ್ಕೆ ಬರುವವರಿಗೆ ‘ಎಕ್ಸಿಟ್ ರೀ-ಎಂಟ್ರಿ’ ವೀಸಾ ಬೇಕು. ಇಕಾಮಾ ಮುಗಿದಿದ್ದರೆ ಅದು ಸಿಗದು. ‘ಫೈನಲ್ ಎಕ್ಸಿಟ್’ ಹಾಕಿದ್ದರಂತೂ ಕಥೆ ಮುಗಿದಂತೆ. ಆ ಇಕಾಮಾದ ಮೇಲೆ ವಾಪಸಿಲ್ಲ. ಓದಲು ಬಾರದವರು ಯಾರಿಂದಲಾದರೂ ಓದಿಸಿಕೊಂಡೇ ವಿಮಾನ ಹತ್ತಬೇಕು.

ಕುವೈತಿನಲ್ಲಿ ಸಾಮಾನ್ಯವಾಗಿ 6 ತಿಂಗಳು ಮೀರಿ ಹೊರಗಿದ್ದರೆ ಪರವಾನಗಿ ತಾನಾಗಿಯೇ ರದ್ದು. ಮನೆಗೆಲಸದವರಿಗೆ ಗಡುವು ಇನ್ನೂ ಕಡಿಮೆ. ಅಲ್ಲದೆ 2025ರ ಜುಲೈ 1ರಿಂದ ಖಾಸಗಿ ಕಂಪನಿಗಳ ವಿದೇಶಿ ನೌಕರರು ದೇಶ ಬಿಡಲು ಮಾಲೀಕರು ಒಪ್ಪಿದ ಎಕ್ಸಿಟ್ ಪರ್ಮಿಟ್ ಬೇಕು. ದುಬೈ ಇರುವ ಎಮಿರೇಟ್ಸ್ ದೇಶದಲ್ಲಿ ಸಾಮಾನ್ಯ ಲೆಕ್ಕ 180 ದಿನ.

ಇದು ಡ್ರೈವರು, ಗಾರೆ ಕೆಲಸದವರ ಪಾಡು ಮಾತ್ರ ಎಂದುಕೊಳ್ಳಬೇಡಿ. ಸೂಟು ಬೂಟಿನವರಿಗೂ ತಪ್ಪಿದ್ದಲ್ಲ. ಬ್ರಿಟನ್ನಿನಲ್ಲಿ ನವೀಕರಣದ ಅರ್ಜಿ ಬಾಕಿ ಇರುವಾಗ ನೌಕರ ಊರಿಗೆ ಹೊರಟರೆ ಆ ಅರ್ಜಿಯನ್ನು ವಾಪಸು ಪಡೆದಂತೆಯೇ ಲೆಕ್ಕ. ಜರ್ಮನಿಯಲ್ಲಿ ನಡುವಿನ ಕಾಲಕ್ಕೆಂದೇ ಒಂದು ತಾತ್ಕಾಲಿಕ ಪತ್ರ ಕೊಡುತ್ತಾರೆ. ಹಳೆಯ ಪರವಾನಗಿ ಮುಗಿಯುವ ಮೊದಲೇ ನವೀಕರಣಕ್ಕೆ ಹಾಕಿದವರು ಅದನ್ನು ಹಿಡಿದು ಹೋಗಿ ಬರಬಹುದು. ಮೊದಲ ಸಲ ಪರವಾನಗಿ ಕೇಳಿದವರಿಗೆ ಕೊಡುವ ಪತ್ರದಿಂದ ಮರಳಲಾಗದು. ನೋಡಲು ಒಂದೇ ಕಾಗದ, ಗುರುತು ಹಾಕಿದ ಸಾಲು ಬೇರೆ! ಇನ್ನು ಅಮೆರಿಕ: 2025ರ ಡಿಸೆಂಬರಿನಲ್ಲಿ ಅದರ ಕಾನ್ಸುಲೇಟುಗಳು ಎಚ್-1ಬಿ ವೀಸಾ ಸಂದರ್ಶನಗಳನ್ನು ತಿಂಗಳುಗಟ್ಟಲೆ ಮುಂದೂಡಿದ್ದರಿಂದ, ವೀಸಾ ಮುದ್ರೆ ಹಾಕಿಸಲು ಬಂದಿದ್ದ ಭಾರತದ ಇಂಜಿನಿಯರುಗಳು ಇಲ್ಲೇ ಉಳಿಯಬೇಕಾಯಿತು.

ಕೊರೋನಾ ಕಲಿಸಿದ ಪಾಠ

2020ರ ಮಾರ್ಚ್ ಕೊನೆಯಲ್ಲಿ ವಿದೇಶ ವಿಮಾನಗಳು ನಿಂತಾಗ ರಜಕ್ಕೆ ಬಂದಿದ್ದವರ ತಾರೀಕುಗಳು ಒಂದೊಂದಾಗಿ ಮುಗಿದವು. 2021ರ ಫೆಬ್ರವರಿ 3ರಿಂದ ಸೌದಿಯು ಭಾರತವೂ ಸೇರಿ 20 ದೇಶಗಳಿಂದ ಬರುವವರನ್ನು ತಡೆಯಿತು. ಕೈಯಲ್ಲಿ ಕಾಸಿದ್ದವರು ನೇಪಾಳದಲ್ಲೋ ಮಾಲ್ಡೀವ್ಸಿನಲ್ಲೋ 14 ದಿನ ಕೂತು ಸುತ್ತಿ ಬಳಸಿ ಸೇರಿಕೊಂಡರು. ಕಾಸಿಲ್ಲದವರು ಊರಲ್ಲೇ ಕೂಲಿಗಿಳಿದರು. ನೇರ ಪ್ರಯಾಣಕ್ಕೆ ಬಾಗಿಲು ತೆರೆದದ್ದು 2021ರ ಡಿಸೆಂಬರ್ 1ರಂದು. ಆ ದಿನಗಳಲ್ಲಿ ಸೌದಿ ಸರ್ಕಾರವೇ ಹೊರಗೆ ಸಿಕ್ಕಿಕೊಂಡವರ ಇಕಾಮಾವನ್ನು ಬಿಟ್ಟಿಯಾಗಿ ಹಲವು ಸಲ ಮುಂದುವರಿಸಿತು. ಆದರೆ ಅದು ಮಹಾಮಾರಿ ಕಾಲದ ಮಾತು. ಒಬ್ಬೊಬ್ಬರ ಕಷ್ಟಕ್ಕೆ ಹಾಗೆ ಮಾಡುವವರಿಲ್ಲ.

ಹಳೆಯ ಪರವಾನಗಿ ಸತ್ತರೆ ಎಲ್ಲ ಮೊದಲಿನಿಂದ: ಹೊಸ ವೀಸಾ, ಹೊಸ ಮೆಡಿಕಲ್, ಹೊಸ ಖರ್ಚು. ಹತ್ತನೇ ತರಗತಿ ಪಾಸಾಗದೆ ‘ಇಸಿಆರ್’ ಪಾಸ್‌ಪೋರ್ಟು ಹಿಡಿದವರಿಗೆ 1983ರ ವಲಸೆ ಕಾಯಿದೆಯಂತೆ ಮತ್ತೆ ಸರ್ಕಾರದ ಒಪ್ಪಿಗೆಯೂ ಆಗಬೇಕು.

ಟಿಕೆಟಿಗೆ ಮುಂಚೆ ನಾಲ್ಕು ಮಾತು

ಇಕಾಮಾ ಯಾವ ತಾರೀಕಿಗೆ ಮುಗಿಯುತ್ತದೆ? ವಾಪಸು ಬರುವ ವೀಸಾ ಎಲ್ಲಿಯವರೆಗಿದೆ? ಪಾಸ್‌ಪೋರ್ಟಿಗೆ ಇನ್ನೆಷ್ಟು ತಿಂಗಳಿದೆ? ನವೀಕರಣ ಆಗಿದೆಯೇ, ಅಥವಾ ಬರೀ ಅರ್ಜಿ ಹಾಕಿದ್ದಾರೆಯೇ? ಈ ನಾಲ್ಕಕ್ಕೂ ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲೋ ಸರ್ಕಾರಿ ಆ್ಯಪಿನಲ್ಲೋ ನೋಡಿಕೊಳ್ಳಬೇಕು. ಎಲ್ಲದರದ್ದೂ ಒಂದೊಂದು ನಕಲು ಮನೆಯಲ್ಲಿರಲಿ. ಮಾಲೀಕ ಕೈಕೊಟ್ಟರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ, ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್ಲಿಗೆ ದೂರು ಕೊಡಬಹುದು.

ಊರಲ್ಲಿರುವವರೂ ಒಂದು ಮಾತು ನೆನಪಿಡಬೇಕು. ಹಬ್ಬಕ್ಕೆ, ಉರುಸಿಗೆ, ತಂಗಿ ಮದುವೆಗೆ ‘ಬಂದೇ ಬರಬೇಕು’ ಎಂದು ಹಟ ಹಿಡಿಯುವ ಮುಂಚೆ ಆ ತಾರೀಕು ಕೇಳಿ. ತಂದೆತಾಯಿಯ ಕಾಯಿಲೆ ತಾರೀಕು ನೋಡಿ ಬರುವುದಿಲ್ಲ, ನಿಜ. ಅದಕ್ಕೇ, ಹೊರಗೆ ದುಡಿಯುವ ಮಗನ ಇಕಾಮಾ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಟ್ಟುಕೊಳ್ಳಿ. ಎರಡು ತಿಂಗಳು ಮುಂಚೆಯೇ ಫೋನಿನಲ್ಲಿ ಕೇಳಿ: ‘ಪೇಪರ್ ಆಯ್ತೇನಪ್ಪಾ?’