ಊಟದ ನಿಧಿ: ಮೊದಲು ಎಲೆ ಎಣಿಸೋಣ

ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಈಶಾನ್ಯ ಕರ್ನಾಟಕದ 7 ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ನಮ್ಮ ಕಡೆಗೂ ಬಂತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿವರೆಗಿನ ಮಕ್ಕಳಿಗೆ ಅದು ಸಿಗುತ್ತದೆ. ಹತ್ತು ಮುಗಿದ ಮಾತ್ರಕ್ಕೆ ಹಸಿವು ಮುಗಿಯುತ್ತದೆಯೇ? ಶೀಳನೆರೆ ಹೋಬಳಿಯ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಕೆ.ಆರ್. ಪೇಟೆಯ ಕಾಲೇಜಿಗೆ ಹೋಗುವ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ‘ಏನು ತಿಂದು ಬಂದೆ ಮಗಾ?’ ಅಂತ ಒಮ್ಮೆ ಕೇಳಿ ನೋಡಿ.

ಇಂಥ ಗೆಳೆಯ ಗೆಳತಿಯರಿಗೆ ಮಧ್ಯಾಹ್ನದ ಊಟ ನಡೆಸುತ್ತೇವೆಂದು ವಿದ್ಯಾರ್ಥಿಗಳೇ ಮುಂದೆ ಬಂದರೆ ನಮಗೆ ತುಂಬಾ ಸಂತೋಷ. ಆದರೆ ಮೊದಲ ದಿನವೇ ರಸೀದಿ ಪುಸ್ತಕ ಅಚ್ಚು ಹಾಕಿಸಬೇಡಿ. ಆರ್ಕೆಸ್ಟ್ರಾ ಇಡುವ ಮಾತೂ ಬೇಡ, ಶಾಮಿಯಾನಕ್ಕೆ ಮೈಕ್ ಸೆಟ್ಟಿಗೇ ಅರ್ಧ ದುಡ್ಡು ಹೋಗುತ್ತೆ. ಮದುವೆ ಮನೆಯಲ್ಲಿ ಅಡುಗೆಯವರು ಮೊದಲು ಕೇಳುವುದು ‘ಎಷ್ಟು ಎಲೆ?’ ಅಂತ. ನಾವೂ ಅಲ್ಲಿಂದಲೇ ಶುರು ಮಾಡೋಣ.

30 ಎಲೆ ಎಂದಿಟ್ಟುಕೊಳ್ಳಿ. ಬಿಸಿಯೂಟದಲ್ಲಿ ದೊಡ್ಡ ತರಗತಿಯ ಒಂದು ಮಗುವಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಏಳೂವರೆ ಗ್ರಾಂ ಎಣ್ಣೆ ಎಂಬ ಅಳತೆ ಇದೆ. ಅದನ್ನೇ ಹಿಡಿದರೆ ತಿಂಗಳ 22 ದಿನಕ್ಕೆ 99 ಕೆ.ಜಿ. ಅಕ್ಕಿ, ಸುಮಾರು 20 ಕೆ.ಜಿ. ಬೇಳೆ, 5 ಕೆ.ಜಿ. ಎಣ್ಣೆ, 50 ಕೆ.ಜಿ. ತರಕಾರಿ ಬೇಕು. ಕಾಲೇಜು ವಯಸ್ಸಿನವರು ಇನ್ನೊಂದು ಹಿಡಿ ಹೆಚ್ಚೇ ಉಣ್ಣುತ್ತಾರೆ, ಅದನ್ನೂ ಸೇರಿಸಿಕೊಳ್ಳಿ.

ಈಗ ಅಕ್ಕಿಗೆ ದುಡ್ಡು ಬೇಕೇ ಬೇಕಾ? ಕೇರಳದಲ್ಲಿ ಸಂತ ಚಾವರ ಕುರಿಯಾಕೋಸ್ ಎಲಿಯಾಸ್ (1805–1871) ಅವರು ಶಾಲೆಗೆ ಬರುವ ಬಡಮಕ್ಕಳ ಮಧ್ಯಾಹ್ನದ ಊಟಕ್ಕೆಂದು ‘ಪಿಡಿಯರಿ’, ಅಂದರೆ ಹಿಡಿಯಕ್ಕಿ, ಎತ್ತಿಡುವ ಪದ್ಧತಿಯನ್ನು ಬೆಳೆಸಿದರು. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯ ಮಹಿಳೆಯರು 1910ರಲ್ಲಿ ಇಂಥದ್ದನ್ನೇ ಶುರು ಮಾಡಿದರು. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುವುದು, ಅಷ್ಟೇ. ಒಂದು ಹಿಡಿ 50 ಗ್ರಾಂ ಆದರೆ ತಿಂಗಳಿಗೆ ಒಂದು ಮನೆಯಿಂದ ಒಂದೂವರೆ ಕೆ.ಜಿ. ಆಯಿತು. 66 ಮನೆ ಒಪ್ಪಿದರೆ ನಮ್ಮ 99 ಕೆ.ಜಿ. ಕೂಡಿತು! ಸ್ವಸಹಾಯ ಸಂಘದ ಅಕ್ಕಂದಿರು ಮನಸ್ಸು ಮಾಡಿದರೆ ನಾಲ್ಕೈದು ಸಂಘಗಳಲ್ಲೇ ಅಷ್ಟು ಮನೆ ಸಿಗುತ್ತವೆ. ದುಡ್ಡು ಬೇಕಾಗುವುದು ಬೇಳೆ, ಎಣ್ಣೆ, ಗ್ಯಾಸಿಗೆ. ತರಕಾರಿ, ತೆಂಗಿನಕಾಯಿ ತೋಟದವರನ್ನು ಕೇಳಿ. ಒಂದು ಎಚ್ಚರಿಕೆ: ಅಗ್ಗಕ್ಕೆ ಸಿಗುತ್ತೆ ಅಂತ ಪಡಿತರ ಅಕ್ಕಿಯನ್ನು ಯಾರ ಹತ್ತಿರವೂ ಕೊಳ್ಳಬೇಡಿ, ಅದರ ಮಾರಾಟ ಅಪರಾಧ.

ರಾಗಿಯನ್ನು ಮಾತ್ರ ವರ್ಷಕ್ಕೊಂದೇ ಸಲ ಎತ್ತಿ. ಕೇಳುವ ಕಾಲ ಸಂಕ್ರಾಂತಿಯ ಆಸುಪಾಸು. ಕಣದ ಕೆಲಸ ಮುಗಿದು ಮನೆಯಲ್ಲಿ ಧಾನ್ಯ ಇರುವಾಗ ರೈತ ಕೈ ಬಿಚ್ಚಿ ಕೊಡುತ್ತಾನೆ. ಆಷಾಢದಲ್ಲಿ ಹೋಗಿ ಕೇಳಿದರೆ ಅವನಿಗೂ ಸಂಕಟ, ನಿಮಗೂ ಸಂಕಟ. ಮಾರ್ಚಿಯ ಪರೀಕ್ಷೆಗೆ ಮುಂಚೆ ಸುತ್ತಾಟ ಮುಗಿದಿರಲಿ. ರಾಗಿಗೆ ಹುಳ ಬೇಗ ಬೀಳುವುದಿಲ್ಲ. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರಲ್ಲ! ಚೆನ್ನಾಗಿ ಒಣಗಿಸಿ ಚೀಲ ಕಟ್ಟಿದರೆ ಕಾಲೇಜು ಮತ್ತೆ ತೆರೆಯುವಾಗ ಕೈಗೆ ಬರುತ್ತದೆ. (ಮುದ್ದೆ ತೊಳಸುವುದನ್ನು ಗಂಡುಹುಡುಗರೂ ಕಲಿಯಲಿ, ತೋಳಿಗೆ ಒಳ್ಳೆಯದು.)

ದುಡ್ಡು ಯಾವ ವಿದ್ಯಾರ್ಥಿಯ ಸ್ವಂತ ಖಾತೆಗೂ, ಫೋನಿನ ಖಾತೆಗೂ ಬೀಳಬಾರದು. ಇಬ್ಬರು ವಿದ್ಯಾರ್ಥಿಗಳು, ಒಬ್ಬ ಉಪನ್ಯಾಸಕರು ಸೇರಿ ಜಂಟಿ ಖಾತೆ ತೆರೆಯಿರಿ. ಬಂದ ಸೇರು, ಖರ್ಚಾದ ಸೇರು ಎರಡನ್ನೂ ಪ್ರತಿ ತಿಂಗಳು ಸಂಘದ ಸಭೆಯಲ್ಲಿ ಓದಿ ಹೇಳಿ. ಅಂತಿಮ ವರ್ಷದವರು ಹೊರಡುವ ಮುಂಚೆ ಮೊದಲ ವರ್ಷದವರ ಕೈಗೆ ಪುಸ್ತಕ ಕೊಟ್ಟು ಹೋಗಬೇಕು. ವಿದ್ಯಾರ್ಥಿಗಳು ನಡೆಸುವ ಕೆಲಸ ಸಾಮಾನ್ಯವಾಗಿ ನಿಂತುಹೋಗುವುದು ದುಡ್ಡಿಲ್ಲದೆ ಅಲ್ಲ, ಪುಸ್ತಕ ಹಿಡಿಯುವವರಿಲ್ಲದೆ.

ಇನ್ನು ಉಣ್ಣುವವರ ವಿಷಯ. ‘ಬಡವರ ಪಟ್ಟಿ’ ಅಂತ ಹೆಸರು ಬರೆದು ಗೋಡೆಗೆ ಅಂಟಿಸಿದರೆ ಹಸಿದವರೇ ಮೊದಲು ದೂರ ಸರಿಯುತ್ತಾರೆ. ಊಟ ಬಡಿಸುವ ಫೋಟೋ ಹಾಕಿ ಚಂದಾ ಕೇಳುವುದೂ ಬೇಡ. ಎಲ್ಲರೂ ಒಂದೇ ಸಾಲಿನಲ್ಲಿ, ಒಂದೇ ಪಾತ್ರೆಯ ಅನ್ನ ಉಣ್ಣಲಿ, ಪಂಕ್ತಿಭೇದ ಮಾಡುವವರು ಮನೆಯಿಂದಲೇ ಬುತ್ತಿ ತರಲಿ. ಬಾಗಿಲ ಹತ್ತಿರ ಮುಚ್ಚಿದ ಡಬ್ಬಿ ಒಂದಿರಲಿ. ಕೈಲಾದವರು ಐದೋ ಹತ್ತೋ ಹಾಕುತ್ತಾರೆ, ಆಗದವರು ಬರಿಗೈ ತೂರಿಸಿ ತೆಗೆಯುತ್ತಾರೆ. ಡಬ್ಬಿ ಬಿಚ್ಚುವುದು ವಾರಕ್ಕೊಮ್ಮೆ ಮಾತ್ರ.