ಕೀಟ ಕೊಲ್ಲುವ ಘಮ

ಲವಂಗದ ಮೊಗ್ಗು, ಓಮದ ಕಾಳು, ತುಳಸಿ ಅಥವಾ ನೀಲಗಿರಿಯ ಎಲೆಯನ್ನು ಬೆರಳಲ್ಲಿ ತಿಕ್ಕಿದಾಗ ಮೂಗಿಗೆ ಬಡಿಯುವ ಘಮ ಅವುಗಳೊಳಗಿನ ಸುಗಂಧ ತೈಲದ್ದು. ಗಿಡ ಈ ತೈಲವನ್ನು ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲೋ ಒಳಗಿನ ಕೋಶಗಳಲ್ಲೋ ಕೂಡಿಟ್ಟುಕೊಳ್ಳುತ್ತದೆ. ತಿನ್ನಲು ಬರುವ ಕೀಟವನ್ನು ದೂರವಿಡುವುದು ಅದರ ಕೆಲಸಗಳಲ್ಲೊಂದು. ಗಿಡ ತನಗಾಗಿ ಮಾಡಿಕೊಂಡ ಈ ಏರ್ಪಾಡನ್ನು ಹೊಲದ ಬೆಳೆಗೂ ಕಣಜದ ಕಾಳಿಗೂ ಬಳಸಿಕೊಳ್ಳಬಹುದೇ ಎಂಬ ಬಗ್ಗೆ ಕಳೆದ ಕೆಲವು ದಶಕಗಳಲ್ಲಿ ಸಾಕಷ್ಟು ಸಂಶೋಧನೆ ನಡೆದಿದೆ. ಖಂಡಿತ ಬಳಸಬಹುದು, ಆದರೆ ಎಲ್ಲೆಂದರಲ್ಲಿ ಬಳಸುವಂತಿಲ್ಲ.

ಬೇವಿನೆಣ್ಣೆ, ಹೊಂಗೆಎಣ್ಣೆಗಳು ಈ ಗುಂಪಿಗೆ ಸೇರುವುದಿಲ್ಲ. ಅವು ಬೀಜವನ್ನು ಗಾಣಕ್ಕೆ ಹಾಕಿ ತೆಗೆಯುವ ಜಿಡ್ಡಿನೆಣ್ಣೆಗಳು. ಕಾಗದದ ಮೇಲೆ ಒಂದು ಹನಿ ಬಿದ್ದರೆ ಕಲೆ ಹಾಗೇ ಉಳಿಯುತ್ತದೆ. ಸುಗಂಧ ತೈಲದ ಹನಿ ಬಹುಪಾಲು ಆವಿಯಾಗಿ ಹಾರಿಹೋಗುತ್ತದೆ. ಹೀಗೆ ಆವಿಯಾಗುವ ಗುಣದಿಂದಲೇ ಅದನ್ನು ಬಟ್ಟಿ ಇಳಿಸಲು ಸಾಧ್ಯ. ಕೊಯ್ದ ನಿಂಬೆಹುಲ್ಲನ್ನು ದೊಡ್ಡ ಹಂಡೆಗೆ ಅಡಕವಾಗಿ ತುಂಬಿ ಕೆಳಗಿನಿಂದ ಹಬೆ ಹಾಯಿಸುತ್ತಾರೆ. ಹುಲ್ಲಿನ ತೈಲ ಹಬೆಯೊಂದಿಗೆ ಮೇಲೇರಿ, ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯೊಳಗೆ ತಣಿದು, ನೀರಿನೊಂದಿಗೆ ಹನಿಹನಿಯಾಗಿ ಇಳಿಯುತ್ತದೆ. ಪಾತ್ರೆಯಲ್ಲಿ ಅದು ನೀರಿನ ಮೇಲೆ ಹಳದಿ ಪದರವಾಗಿ ತೇಲಿ ನಿಲ್ಲುತ್ತದೆ. ಲವಂಗದ ತೈಲ ಮಾತ್ರ ನೀರಿಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ನೂರು ಕಿಲೋ ಹಸಿ ನಿಂಬೆಹುಲ್ಲಿಗೆ ಸಿಗುವ ತೈಲ ಸಾಮಾನ್ಯವಾಗಿ ಒಂದು ಕಿಲೋಗೂ ಕಡಿಮೆ. ಲಕ್ನೋದಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ ಇಂಥ ಬೆಳೆಗಳ ತಳಿ ಮತ್ತು ಭಟ್ಟಿ ತಂತ್ರಜ್ಞಾನದ ಮೇಲೆ ಕೆಲಸ ಮಾಡುತ್ತಿದ್ದು, ಬೆಂಗಳೂರಿನಲ್ಲೂ ಅದರ ಸಂಶೋಧನಾ ಕೇಂದ್ರವಿದೆ.

ಒಂದೊಂದು ತೈಲದಲ್ಲೂ ಹತ್ತಾರು ರಾಸಾಯನಿಕಗಳಿರುತ್ತವೆ. ಆದರೆ ಒಂದೆರಡರದೇ ಮೇಲುಗೈ. ಲವಂಗದಲ್ಲಿ ಯುಜೆನಾಲ್, ಓಮದಲ್ಲಿ ಥೈಮಾಲ್, ನಿಂಬೆಹುಲ್ಲಿನಲ್ಲಿ ಸಿಟ್ರಾಲ್, ನೀಲಗಿರಿಯಲ್ಲಿ ಸಿನಿಯೋಲ್, ಕಿತ್ತಳೆ ಸಿಪ್ಪೆಯಲ್ಲಿ ಲಿಮೋನೀನ್ ಪ್ರಧಾನ. ಇವು ಚಿಕ್ಕ ಅಣುಗಳು, ಜಿಡ್ಡಿನಲ್ಲಿ ಬೇಗ ಕರಗುತ್ತವೆ. ಹಾಗಾಗಿ ಕೀಟದ ಮೈಮೇಲಿನ ಮೇಣದ ಪದರವನ್ನು ದಾಟಿಯೋ ಉಸಿರುರಂಧ್ರಗಳ ಮೂಲಕವೋ ಸುಲಭವಾಗಿ ಒಳಸೇರುತ್ತವೆ. ಅಲ್ಲಿ ಇವುಗಳ ಮುಖ್ಯ ಗುರಿ ನರಮಂಡಲ. ನಮ್ಮ ಮೈಯಲ್ಲಿ ಅಡ್ರಿನಲಿನ್ ಮಾಡುವಂಥ ಕೆಲಸವನ್ನು ಕೀಟಗಳಲ್ಲಿ ಆಕ್ಟೋಪಮೈನ್ ಎಂಬ ವಸ್ತು ಮಾಡುತ್ತದೆ. ಯುಜೆನಾಲ್‌ನಂಥ ಕೆಲವು ಘಟಕಗಳು ಈ ಆಕ್ಟೋಪಮೈನ್ ವ್ಯವಸ್ಥೆಯನ್ನೇ ಕೆಡಿಸುತ್ತವೆ. ಥೈಮಾಲ್ ನರಕೋಶಗಳ ಕ್ಲೋರೈಡ್ ದ್ವಾರಗಳ ಮೇಲೆ ಕೆಲಸ ಮಾಡುತ್ತದೆ. ತೈಲ ತಾಗಿದ ಕೀಟ ಮೊದಲು ಹುಚ್ಚೆದ್ದಂತೆ ಓಡಾಡುತ್ತದೆ, ಆಮೇಲೆ ಅದರ ಕಾಲುಗಳು ಸೆಟೆದುಕೊಳ್ಳುತ್ತವೆ, ಕೊನೆಗೆ ಅಂಗಾತ ಬೀಳುತ್ತದೆ. ಆಕ್ಟೋಪಮೈನ್ ಗ್ರಾಹಕಗಳು ಬೆನ್ನುಮೂಳೆಯ ಪ್ರಾಣಿಗಳಲ್ಲಿ ಮುಖ್ಯವಲ್ಲ. ಹಲವು ಸುಗಂಧ ತೈಲಗಳು ಕೀಟಕ್ಕೆ ಮಾರಕವಾಗಿದ್ದೂ ಮನುಷ್ಯನಿಗೆ, ಜಾನುವಾರುಗಳಿಗೆ ಕಡಿಮೆ ಅಪಾಯಕಾರಿಯಾಗಿರಲು ಇದೂ ಒಂದು ಕಾರಣ.

ಆವಿಗೆ ಪೂರ್ತಿ ಬಲ ಬರುವುದು ಮುಚ್ಚಿದ ಜಾಗದಲ್ಲಿ, ಅಂದರೆ ಕಾಳುಕಡಿಯ ಸಂಗ್ರಹದಲ್ಲಿ. ತೊಗರಿ, ಹೆಸರು, ಅಲಸಂದೆಗೆ ಬೀಳುವ ದುಂಬಿ ಕಾಳಿನ ಹೊರಮೈಗೆ ಬಿಳಿ ಚುಕ್ಕಿಯಂಥ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆಯ ತಳದಿಂದಲೇ ಮರಿಹುಳು ಕಾಳಿನೊಳಕ್ಕೆ ಕೊರೆದುಕೊಂಡು ಹೋಗಿ ಒಳಗೇ ತಿಂದು ಬೆಳೆಯುತ್ತದೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಗುಂಡಗೆ ತೂತು ಮಾಡಿ ದುಂಬಿಯಾಗಿ ಹೊರಬರುತ್ತದೆ. ಚೀಲದಲ್ಲಿ ತೂತುಕಾಳು ಕಾಣುವ ಹೊತ್ತಿಗೆ ಮುಂದಿನ ಪೀಳಿಗೆಯ ಮೊಟ್ಟೆಗಳೂ ಬಿದ್ದಿರುತ್ತವೆ. ಡಬ್ಬಿಗೆ ಬಜೆ ಬೇರಿನ ತುಂಡು ಹಾಕುವ, ಲಕ್ಕಿ ಸೊಪ್ಪನ್ನು ಒಣಗಿಸಿ ಕಾಳಿನ ನಡುವೆ ಇಡುವ ಹಳೆಯ ರೂಢಿಯ ಹಿಂದೆ ಇರುವುದೂ ಇದೇ ಆವಿಯ ಗುಣ. ಗಾಳಿಯಾಡದ ಪಾತ್ರೆಯಲ್ಲಿ ಲವಂಗ, ನೀಲಗಿರಿ, ನಿಂಬೆಹುಲ್ಲಿನ ತೈಲಗಳ ಆವಿ ಪ್ರಾಯದ ದುಂಬಿಗಳನ್ನು ಕೊಲ್ಲುತ್ತದೆ, ಮೊಟ್ಟೆಯಿಡುವುದನ್ನು ತಗ್ಗಿಸುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಕಾಳಿನೊಳಗೆ ಹೊಕ್ಕ ಮರಿಹುಳುವನ್ನು ತಲುಪುವುದು ಮಾತ್ರ ಕಷ್ಟ.

ಗೋದಾಮುಗಳಿಗೆ ಬೇರೆ ದಾರಿ ಹುಡುಕುವ ಅಗತ್ಯವೂ ನಿಜವಾದದ್ದೇ. ಗೋದಾಮುಗಳ ಕೀಟ ಕೊಲ್ಲಲು ಬಳಸುತ್ತಿದ್ದ ಮೀಥೈಲ್ ಬ್ರೋಮೈಡ್ ಅನಿಲ ಓಝೋನ್ ಪದರಕ್ಕೆ ಹಾನಿ ಮಾಡುತ್ತದೆಂದು ಮಾಂಟ್ರಿಯಲ್ ಒಪ್ಪಂದದ ಅಡಿ ಅದರ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಲಾಯಿತು. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳಿಂದ ಬರುವ ಫಾಸ್ಫೀನ್ ಅನಿಲಕ್ಕೆ ಹಲವು ದೇಶಗಳಲ್ಲಿ ಕೀಟಗಳು ಪ್ರತಿರೋಧ ಬೆಳೆಸಿಕೊಂಡಿವೆ. ಮನುಷ್ಯರಿಗಂತೂ ಅದು ಪ್ರಾಣಾಂತಕ. ಆದರೂ ಸುಗಂಧ ತೈಲ ಇವುಗಳ ಜಾಗವನ್ನು ಇಡಿಯಾಗಿ ತುಂಬಲಾರದು. ದೊಡ್ಡ ರಾಶಿಯ ನಡುವಿನವರೆಗೆ ಅದರ ಆವಿ ಫಾಸ್ಫೀನ್‌ನಷ್ಟು ಸಲೀಸಾಗಿ ಹರಡುವುದಿಲ್ಲ, ಘಮ ಕಾಳಿಗೆ ಅಂಟಿಕೊಂಡು ರುಚಿಯನ್ನೂ ಕೆಡಿಸುತ್ತದೆ. ಬಿತ್ತನೆ ಬೀಜಕ್ಕೆ ರುಚಿಯ ತಂಟೆಯಿಲ್ಲ. ಆದರೆ ತೈಲ ಹೆಚ್ಚಾದರೆ ಮೊಳಕೆ ಕುಂದುವುದರಿಂದ ಪ್ರಮಾಣದ ಬಗ್ಗೆ ಎಚ್ಚರ ಬೇಕು.

ಸುಗಂಧ ತೈಲದಿಂದ ರೈತರಿಗೆ ಸಿಕ್ಕ ದೊಡ್ಡ ಲಾಭಗಳಲ್ಲೊಂದು ಅದರ ಕೊಲ್ಲುವ ಗುಣದಿಂದ ಬಂದದ್ದಲ್ಲ, ಕರೆಯುವ ಗುಣದಿಂದ ಬಂದದ್ದು. ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಎಫ್. ಎಂ. ಹೌಲೆಟ್, ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತುವುದನ್ನು ಕುರಿತು 1912ರಲ್ಲಿ ಬರೆದರು. ಬಂದವೆಲ್ಲ ಗಂಡುನೊಣಗಳು. ಅವನ್ನು ಸೆಳೆಯುವ ವಸ್ತು ಮೀಥೈಲ್ ಯುಜೆನಾಲ್ ಎಂದು 1915ರಲ್ಲಿ ತೋರಿಸಿದರು. ತುಳಸಿಯ ತೈಲದಲ್ಲೂ ಈ ವಸ್ತುವಿದೆ. ಗಂಡುನೊಣ ಇದನ್ನು ತಿಂದು, ಹೆಣ್ಣನ್ನು ಒಲಿಸಿಕೊಳ್ಳುವ ವಾಸನೆಯಾಗಿ ಮೈಯಲ್ಲೇ ಮಾರ್ಪಡಿಸಿಕೊಳ್ಳುತ್ತದೆ. ಮಾವಿನ ತೋಪುಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ತೂಗುಹಾಕುವ ಪ್ಲೈವುಡ್ ತುಂಡಿಗೆ ಹೀರಿಸುವುದು ಈ ಮೀಥೈಲ್ ಯುಜೆನಾಲನ್ನೇ, ಜೊತೆಗೆ ಒಂದಿಷ್ಟು ಕೀಟನಾಶಕ. ಗಂಡುಗಳು ಡಬ್ಬಿಯಲ್ಲಿ ಸತ್ತರೆ ಹೆಣ್ಣುಗಳಿಗೆ ಕೂಡಲು ಜೊತೆ ಸಿಗದೆ ಸಂತತಿ ತಗ್ಗುತ್ತದೆ. ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ಈ ವಿಧಾನದಿಂದಲೇ ಹಣ್ಣುನೊಣವನ್ನು ಪೂರ್ತಿ ನಿರ್ಮೂಲ ಮಾಡಿದರು. ಹಣ್ಣುನೊಣ ಸಿಕ್ಕಿತೆಂದು ಐರೋಪ್ಯ ಒಕ್ಕೂಟ 2014ರಲ್ಲಿ ಭಾರತದ ಮಾವನ್ನೇ ತಡೆಹಿಡಿದದ್ದನ್ನು ನೆನೆದರೆ, ಶ್ರೀನಿವಾಸಪುರದಿಂದ ಧಾರವಾಡದವರೆಗಿನ ಮಾವು ಬೆಳೆಗಾರರಿಗೆ ಇದರ ಬೆಲೆ ತಿಳಿದೀತು. ಹೀರೆ, ಹಾಗಲದ ನೊಣಕ್ಕೆ ಈ ಬಲೆ ನಡೆಯದು. ಅದನ್ನು ಸೆಳೆಯುವುದು ಕ್ಯೂ-ಲೂರ್ ಎಂಬ ಬೇರೆಯೇ ವಸ್ತು.

ಪಾಲಿಹೌಸ್‌ಗಳಲ್ಲಿ ಸಸ್ಯಹೇನು, ಬಿಳಿನೊಣ, ಕೆಂಪುನುಸಿಯಂಥ ಮೆದುಮೈಯ ಕೀಟಗಳ ಮೇಲೂ ಸುಗಂಧ ತೈಲದ ಸಿಂಪಡಣೆಯಿಂದ ತಕ್ಕ ಫಲ ಸಿಗುತ್ತದೆ. ತೆರೆದ ಹೊಲದ ಮಾತೇ ಬೇರೆ. ಬಿಸಿಲು, ಗಾಳಿಗೆ ತೈಲ ಒಂದೆರಡು ದಿನದಲ್ಲಿ ಆರಿಹೋಗುತ್ತದೆ. ಕಾಯಿಯೊಳಗೆ ಕುಳಿತ ಕಾಯಿಕೊರಕಕ್ಕೆ ಅದು ತಾಗುವುದೇ ಇಲ್ಲ. ಮೇಲಿಂದ ಮೇಲೆ ಸಿಂಪಡಿಸಿದರೆ ಖರ್ಚು ಕೈಮೀರುತ್ತದೆ. ತೈಲವನ್ನು ಸೂಕ್ಷ್ಮ ಕೋಶಗಳಲ್ಲಿ ತುಂಬಿ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವ ಪ್ರಯತ್ನಗಳು ನಡೆದಿವೆ. ಬೇಗ ಆರಿಹೋಗುವುದರಲ್ಲಿ ಒಂದು ಒಳಿತೂ ಇದೆ: ಫಸಲಿನಲ್ಲಿ ಶೇಷ ಉಳಿಯುವ ಭಯ ಕಡಿಮೆ. ಹಲವು ಘಟಕಗಳು ಒಟ್ಟಿಗೆ ಕೆಲಸ ಮಾಡುವುದರಿಂದ ಕೀಟಗಳು ಬೇಗ ಪ್ರತಿರೋಧ ಬೆಳೆಸಿಕೊಳ್ಳಲಾರವು ಎಂಬ ನಿರೀಕ್ಷೆಯೂ ಇದೆ.

ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆ ತಪ್ಪು. ಬಜೆ ತೈಲದ ಬೀಟಾ-ಅಸರೋನ್ ಇಲಿಗಳಲ್ಲಿ ಕ್ಯಾನ್ಸರ್ ತಂದದ್ದರಿಂದ ಅಮೆರಿಕದಲ್ಲಿ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು 1968ರಲ್ಲೇ ನಿಷೇಧಿಸಲಾಯಿತು. ಲವಂಗದ ತೈಲ ಗಟ್ಟಿಯಾಗಿದ್ದರೆ ಎಲೆಯನ್ನು ಸುಟ್ಟೇಬಿಡುತ್ತದೆ. ಅದನ್ನು ಕಳೆನಾಶಕವಾಗಿಯೂ ಮಾರುವುದುಂಟು. ಚರ್ಮಕ್ಕೂ ಕಣ್ಣಿಗೂ ಉರಿ ತರುವ ಈ ತೈಲಗಳನ್ನು ಅಳೆಯುವಾಗ ಕೈಗವಸು ಇರಲೇಬೇಕು.

ಅಮೆರಿಕ 1996ರಲ್ಲಿ ಲವಂಗ, ದಾಲ್ಚಿನ್ನಿ, ನಿಂಬೆಹುಲ್ಲಿನಂಥ ಕೆಲವು ತೈಲಗಳನ್ನು ಕನಿಷ್ಠ ಅಪಾಯದ ಪಟ್ಟಿಗೆ ಸೇರಿಸಿ, ನೋಂದಣಿಯಿಂದ ಬಿಡುಗಡೆ ಕೊಟ್ಟಿತು. ಭಾರತದಲ್ಲಿ ಸಸ್ಯಮೂಲದ್ದಾದರೂ ಕೀಟನಾಶಕವೆಂದು ಮಾರಬೇಕಾದರೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಅಂಗಡಿಯಲ್ಲಿ ಬಾಟಲಿ ಕೊಳ್ಳುವ ರೈತರು ಅದರ ಮೇಲೆ ನೋಂದಣಿ ಸಂಖ್ಯೆ, ಘಟಕಗಳ ಹೆಸರು ಮತ್ತು ಪ್ರಮಾಣ ಇದೆಯೇ ನೋಡಬೇಕು, ಮೊದಲು ನಾಲ್ಕಾರು ಗಿಡಗಳಿಗೆ ಸಂಜೆ ಹೊತ್ತು ಸಿಂಪಡಿಸಿ ಎಲೆ ಸುಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಉಳಿದ ಬೆಳೆಗೆ ಬಳಸಬೇಕು.